ಉಂಗುರ ತೊಟ್ಟ ಬಾತು

ದ್ಯಾವಮ್ಮ ನಮ್ಮ ಮನೆ ಬಾಗಿಲಿಗೆ ಬಂದು ಹನ್ನೊಂದು ತಿಂಗಳಾಗಿತ್ತು. ಅವಳ ಮನೆ ಇರುವುದು ನಮ್ಮೆದುರು ಸಾಲಿನ ಮೂರನೆಯದು. ಹಾಗಾಗಿ ಆ ಬೆಳಿಗ್ಗೆ ಸಗಣಿ ಹೊರುವ ಮಂಕರಿಯನ್ನು ಸೊಂಟಕ್ಕೆ ಒತ್ತಿಕೊಂಡು ಅವಳು ಜಗಲಿಯ ಕೆಳಗೆ ನಿಂತಾಗ, ಮಂಕರಿಯೊಳಗೆ ಏನಿದೆ ಎಂದು ನಾನು ನೋಡಲೇ ಇಲ್ಲ. ಅವಳ ಮುಖವನ್ನೇ ನೋಡಿದೆ. ತುಂಬ ಇಳಿದುಹೋಗಿದ್ದಳು.

“ಸುಬ್ಬಕ್ಕ, ಆಚಾರ್ರು ಅವ್ರಾ?” ಎಂದಳು.

“ಅವರೆಲ್ಲಿಗೆ ಹೋಗ್ತಾರೆ, ಒಳಗೆ ಕುಂತವ್ರೆ. ಮೇಲೆ ಬಾ.”

“ಇಲ್ಲೇ ಆಯ್ತದೆ ಬುಡು.”

ಇಲ್ಲೇ ಆಗುವುದಿಲ್ಲ ಎಂದು ರೇಗಿ, ರಟ್ಟೆ ಹಿಡಿದು ಜಗಲಿಗೆ ಎಳೆದುಕೊಂಡೆ. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ, ಚಿನಕುರಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅವತ್ತು ರೇಗಿದ್ದು ಅವಳ ಮೇಲಲ್ಲ, ಆ ಹನ್ನೊಂದು ತಿಂಗಳ ಮೇಲೆ.

ಆದದ್ದು ಇಷ್ಟು. ಕಳೆದ ವರ್ಷ ಅವಳ ಗಂಡ ಚಿಕ್ಕಸ್ವಾಮಿ ತೀರಿಕೊಂಡ. ಹನ್ನೊಂದನೆಯ ದಿನ ಬಳೆ ಒಡೆದರು, ತಾಳಿ ತೆಗೆದರು, ಕಾಲುಂಗುರ ಮಾತ್ರ ಬರಲಿಲ್ಲ. ನಲವತ್ತೆರಡು ವರ್ಷ ಒಂದೇ ಕಡೆ ಕೂತು ಬೆರಳಿನ ಮಾಂಸದಲ್ಲಿ ಇಳಿದುಬಿಟ್ಟಿದ್ದವು. ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು. ಯಾರೋ ಒಬ್ಬ ಕತ್ತರಿಸಿಬಿಡೋಣ ಎಂದು ಇಕ್ಕಳ ತರಲು ಹೋದ. ಕೊನೆಗೆ ನಮ್ಮ ಯಜಮಾನರಿಗೆ ಹೇಳಿಕಳಿಸಿದರು. ಯಜಮಾನರು ಎಂದರೆ ಕೃಷ್ಣಮೂರ್ತಿ ಆಚಾರ್ರು, ತಾತನ ಕಾಲದಿಂದ ಚಿನ್ನ ಬೆಳ್ಳಿ ಕೆಲಸದವರು. ಈಗ ಒಡವೆ ಮಾಡಿಸಲು ನಮ್ಮಲ್ಲಿಗೆ ಬರುವವರು ಕಡಿಮೆ, ಎಲ್ಲರೂ ಪಾಂಡವಪುರದ ಅಂಗಡಿಗೆ ಹೋಗಿ ರೆಡಿಮೇಡ್ ತರುತ್ತಾರೆ. ಆದರೆ ಬೆರಳು ಊದಿಕೊಂಡು ಉಂಗುರ ಸಿಕ್ಕಿಕೊಂಡರೆ ಮಾತ್ರ ಡಾಕ್ಟರಿಗಿಂತ ಮೊದಲು ಇವರ ನೆನಪಾಗುತ್ತದೆ.

ಇವರದೊಂದು ಪದ್ಧತಿ, ಇವರಪ್ಪನಿಂದ ಬಂದದ್ದು. ಕೈಯ ಉಂಗುರವನ್ನು ಬೇಕಾದರೆ ಕತ್ತರಿಸಬಹುದು, ಕಾಲಿನದನ್ನು ಕತ್ತರಿಸಬಾರದು. ಎರಡು ತುದಿ ಸೇರಿದ ಜಾಗಕ್ಕೆ ಕೂಡು ಅನ್ನುತ್ತಾರೆ, ಅದು ಎಲ್ಲಿದೆ ಎಂದು ಹುಡುಕಿ ಅಲ್ಲಿಂದಲೇ ಬಿಡಿಸಬೇಕು. ಅವತ್ತು ಇವರು ದ್ಯಾವಮ್ಮನ ಕಾಲ ಬುಡದಲ್ಲಿ ಅರ್ಧ ಗಂಟೆ ಕೂತು ಎರಡೂ ಉಂಗುರಗಳನ್ನು ಹಾಗೆಯೇ ಬಿಡಿಸಿದರು. ನಾನು ಹಿಂದೆ ನಿಂತಿದ್ದೆ. ಅವಳು ಒಂದು ಮಾತೂ ಆಡಲಿಲ್ಲ, ಇವರೂ ಆಡಲಿಲ್ಲ. ಆಮೇಲೆ ಅವಳ ಮಗ ತಿಮ್ಮರಾಜು ಹೇಳಿದಂತೆ ಆ ಬೆಳ್ಳಿಯನ್ನು ಕರಗಿಸಿ, ಮೊಮ್ಮಗಳು ಅರ್ಪಿತಳಿಗೆ ಗೆಜ್ಜೆ ಮಾಡಿಕೊಟ್ಟರು. ನಮ್ಮ ಕಡೆ ಹಾಗೆ ಮಾಡುವುದೇ ರೂಢಿ.

ಅಲ್ಲಿಂದ ಶುರುವಾಯಿತು. ಅವಳು ನಮ್ಮ ಮನೆಯ ಮುಂದೆ ಹಾಯುವುದನ್ನು ಬಿಟ್ಟಳು. ಇವರು ಅವಳ ಮನೆ ತಪ್ಪಿಸಿ ಹಿಂದಿನ ಓಣಿಯಲ್ಲಿ ಓಡಾಡಲು ಶುರು ಮಾಡಿದರು. ಇವರು ಮಾಡಿದ್ದು ತಪ್ಪಲ್ಲ. ಅದು ಇವರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಇಬ್ಬರೂ ಮುಖ ತಪ್ಪಿಸಿಕೊಂಡು ಬದುಕುತ್ತಿದ್ದರು. ನಡುವೆ ನನಗೆ ಇದ್ದ ಒಬ್ಬಳು ಗೆಳತಿ ಹೋದಳು. ಇಬ್ಬರಲ್ಲಿ ಯಾರಾದರೂ ಒಬ್ಬರು ತಲೆ ಎತ್ತಿ ಮಾತಾಡಲಿ ಎಂದು ದೇವರಿಗೆ ದೀಪ ಹಚ್ಚುವಾಗಲೆಲ್ಲ ಕೇಳಿಕೊಳ್ಳುತ್ತಿದ್ದೆ. ಮಾತಾಡಿಸಲು ಬಂದದ್ದು ಒಂದು ಬಾತು.

ದ್ಯಾವಮ್ಮ ಮಂಕರಿಯ ಮೇಲಿದ್ದ ಒದ್ದೆ ಗೋಣಿ ತೆಗೆದಳು.

“ಯಾವ್ದೋ ಬಾತು ಕಣಕ್ಕ. ಕಟ್ಟೆಯಿಂದ ಎದ್ದು ಬಂದು ನಮ್ಮ ಕಲಗಚ್ಚಿನ ಬಾನಿ ತಾವ ಕುಂತದೆ. ಓಡ್ಸುದ್ರೂ ಓಗ್ನಿಲ್ಲ. ನೋಡುದ್ರೆ ಕಾಲಲ್ಲಿ ಉಂಗುರ ಅದೆ. ಕಾಲು ಊದ್ಕಂಡದೆ.” ಆಮೇಲೆ ದನಿ ಇಳಿಸಿ, “ಬುಡ್ಸಕ್ಕಾಯ್ತದಾ ಕೇಳು,” ಎಂದಳು.

ಕೇಳುವುದೇನು, ಇವರು ಆಗಲೇ ಬಾಗಿಲಲ್ಲಿ ನಿಂತಿದ್ದರು. “ನೋಡ್ತೀನಿ ಅಂತ ಹೇಳು,” ಎಂದರು, ಅವಳಿಗಲ್ಲ, ನನಗೆ.

“ನಾನೇನು ಪೋಸ್ಟಾಫೀಸಾ?” ಎಂದೆ. ಇಬ್ಬರೂ ನಗಲಿಲ್ಲ.

ಬಾತು ನಮ್ಮ ಕಡೆಯದಲ್ಲ ಎಂಬುದು ನನಗೂ ಗೊತ್ತಾಯಿತು. ಕಟ್ಟೆಯಲ್ಲಿ, ಅಂದರೆ ಊರ ಸಣ್ಣ ಕೆರೆಯಲ್ಲಿ, ವರ್ಷವಿಡೀ ಕಾಣುವ ದೊಡ್ಡ ಬಾತುಗಳಿಗೆ ಕೊಕ್ಕಿನ ತುದಿ ಹಳದಿ. ಸಿಳ್ಳೆ ಹಾಕುವ ಚಿಕ್ಕ ಬಾತುಗಳದು ಕೆಂಪು ಮೈ. ಇದು ಪೂರ್ತಿ ಕಂದು, ಪ್ರತಿ ಗರಿಗೂ ತಿಳಿ ಅಂಚು. ಕೊಕ್ಕು ಮಾತ್ರ ಎಲ್ಲೂ ಕಾಣದ್ದು. ಬುಡದಲ್ಲಿ ಸಣ್ಣಗಿದ್ದು ಮುಂದಕ್ಕೆ ಹೋಗುತ್ತ ಅಗಲವಾಗಿತ್ತು, ಪಾಯಸ ಬಡಿಸುವ ಸೌಟಿನ ಹಾಗೆ. ಅಷ್ಟು ಚಿಕ್ಕ ತಲೆಗೆ ಅಷ್ಟು ದೊಡ್ಡ ಕೊಕ್ಕು ಇಟ್ಟದ್ದು ನೋಡಿದರೆ ನಗು ಬರಬೇಕು, ಆದರೆ ಅದು ಕಣ್ಣು ಅರೆ ಮುಚ್ಚಿಕೊಂಡು ಉಸಿರೆಳೆಯುತ್ತಿದ್ದ ರೀತಿಗೆ ನನಗೆ ಅಯ್ಯೋ ಅನ್ನಿಸಿತು.

ಇವರು ಚಾಪೆ ಹಾಸಿ ಕೂತರು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಹಾಕಿಕೊಂಡರು. ದ್ಯಾವಮ್ಮ ಬಾತನ್ನು ಟವಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕಾಲನ್ನು ಮಾತ್ರ ಮುಂದೆ ಚಾಚಿದಳು. ಉಂಗುರದ ಮೇಲೂ ಕೆಳಗೂ ಚರ್ಮ ಉಬ್ಬಿ ಕೆಂಪಾಗಿತ್ತು. ಇವರು ಉಂಗುರವನ್ನು ಸುತ್ತಲೂ ಉಗುರಿನಿಂದ ತಡವಿ, “ಇಲ್ಲಿ ಕೂಡಿದೆ,” ಎಂದು ಗೊಣಗಿದರು. ಎರಡು ಸಣ್ಣ ಇಕ್ಕಳದಿಂದ ಹಿಡಿದು, ಒಂದಿಷ್ಟೂ ತಿರುಚದೆ, ಎರಡು ತುದಿಯನ್ನೂ ಪಕ್ಕಕ್ಕೆ ಸರಿಸಿದರು. ಬಾತು ಒಮ್ಮೆ ಒದರಿತು, ದ್ಯಾವಮ್ಮ ಅದರ ಬೆನ್ನು ನೇವರಿಸಿದಳು. ಉಂಗುರ ಬಂತು.

ಅದರ ಅಡಿಯಲ್ಲಿ ಗಾಳದ ನೈಲಾನ್ ದಾರ ಆರೇಳು ಸುತ್ತು ಬಿಗಿದುಕೊಂಡಿತ್ತು. ಇವರು ಅದನ್ನು ಕತ್ತರಿಯ ತುದಿಯಿಂದ ಒಂದೊಂದೇ ಸುತ್ತು ಬಿಡಿಸಿ ತೆಗೆದರು.

“ತಪ್ಪು ಉಂಗುರದ್ದಲ್ಲ. ದಾರದ್ದು,” ಎಂದರು.

ಊದಿದ ಜಾಗಕ್ಕೆ ಅರಿಶಿನ ಕಲಸಿದ ಹರಳೆಣ್ಣೆ ಹಚ್ಚಿದೆ. ಇವರು ಉಂಗುರವನ್ನು ಅಂಗೈಯಲ್ಲಿ ತೂಗಿ ನೋಡಿದರು. ಬೆಳ್ಳಿಯಲ್ಲ, ತವರವಲ್ಲ, ಯಾವುದೋ ಹಗುರ ಲೋಹ. ಮೇಲೆ ಸಣ್ಣದಾಗಿ ಇಂಗ್ಲಿಷ್ ಅಕ್ಷರ, ನಂಬರು ಒತ್ತಿದ್ದವು.

ಅಷ್ಟರಲ್ಲಿ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ನೇತುಹಾಕಿಕೊಂಡು ತಿಮ್ಮರಾಜು ಬಂದ. ಬೈಕು ನಿಲ್ಲಿಸಿ ಒಂದು ನೋಟ ನೋಡಿ ತೀರ್ಪು ಕೊಟ್ಟ.

“ಅವ್ವೋ, ಇದು ಬಾತು ಮೇಯ್ಸೋರ್ದು ಕಣವ್ವ. ಗುಂಪಿಂದ ತಪ್ಪುಸ್ಕಂಡು ಬಂದದೆ. ಅದ್ಕೇ ಗುರುತು ಆಕವ್ರೆ.”

ಅವನು ಹೇಳಿದ್ದು ನಮಗೆಲ್ಲ ಸರಿ ಎನ್ನಿಸಿತು. ಭತ್ತದ ಕುಯ್ಲು ಮುಗಿದ ಮೇಲೆ ತಮಿಳುನಾಡಿನ ಕಡೆಯವರು ಲಾರಿಗಟ್ಟಲೆ ಬಾತು ತಂದು ಗದ್ದೆಗೆ ಬಿಡುತ್ತಾರೆ. ಉದುರಿದ ಕಾಳು, ಹುಳ, ಬಸವನಹುಳು ಎಲ್ಲ ತಿಂದು ಅವು ಕೊಬ್ಬುತ್ತವೆ. ಹದಿನೈದು ದಿನದ ಹಿಂದೆ ನಮ್ಮೂರ ಗದ್ದೆಯಲ್ಲೇ ಇದ್ದವರು ಈಗ ಕೆ.ಆರ್. ಪೇಟೆ ಕಡೆ ಶೀಳನೆರೆಗೆ ಹೋಗಿದ್ದರು. ಕಾಲಲ್ಲಿ ಉಂಗುರ ಇದೆ ಎಂದ ಮೇಲೆ ಒಬ್ಬ ಯಜಮಾನ ಇರಲೇಬೇಕು. ನಾವೂ ಕೋಳಿ ಕಾಲಿಗೆ ಬಣ್ಣದ ಚಿಂದಿ ಕಟ್ಟುತ್ತೇವೆ, ಕುರಿಯ ಬೆನ್ನಿಗೆ ಗೇರು ಬಳಿಯುತ್ತೇವೆ. ತನ್ನದಲ್ಲದ್ದಕ್ಕೆ ಯಾರಾದರೂ ಕಷ್ಟಪಟ್ಟು ಉಂಗುರ ತೊಡಿಸುತ್ತಾರೆ ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

“ಕೊಟ್ಟು ಬರಾಕೆ ಅಷ್ಟು ದೂರ ಓಗ್ಬೇಕಾ?” ಎಂದು ತಿಮ್ಮರಾಜು ಮೀಸೆಯಲ್ಲಿ ನಕ್ಕ. “ಭಾನುವಾರ ಬಾಡೂಟಕ್ಕಾಯ್ತದೆ.”

“ನಿನ್ ನಾಲ್ಗೆಗೆ ಬರೆ ಎಳೀತೀನಿ ಕಣ್ಲಾ,” ಎಂದಳು ದ್ಯಾವಮ್ಮ. ಎಷ್ಟು ದಿನದ ಮೇಲೆ ಅವಳ ಬಾಯಲ್ಲಿ ಬೈಗುಳ ಕೇಳಿದೆನೋ, ನನಗೆ ಖುಷಿಯಾಯಿತು.

ಇವರು ತಾವೂ ಬರುತ್ತೇನೆ ಎಂದು ಹೊರಟರು. ಬಿಡಿಸಿದ ಒಡವೆಯನ್ನು ಯಜಮಾನನ ಕೈಗೇ ಕೊಡಬೇಕು, ನಡುವೆ ಇನ್ನೊಂದು ಕೈ ಸೇರಬಾರದು, ಅದೂ ಇವರಪ್ಪನ ಪದ್ಧತಿ. ಉಂಗುರವನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡು, ಮಂಕರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅರವತ್ತೆಂಟು ವರ್ಷದ ಮನುಷ್ಯ ತಿಮ್ಮರಾಜುವಿನ ಬೈಕಿನ ಹಿಂದೆ ಕೂತು ಶೀಳನೆರೆಗೆ ಹೋದರು. ಮಾಂಸ ಮುಟ್ಟದ ಮನೆಯ ಆಚಾರ್ರು ಬಾತು ಹೊತ್ತುಕೊಂಡು ಹೋಗುವುದನ್ನು ಊರಿನವರೆಲ್ಲ ಬಾಗಿಲಿಗೆ ಬಂದು ನೋಡಿದರು.

ಮಧ್ಯಾಹ್ನ ವಾಪಸು ಬಂದರು. ಬಾತೂ ವಾಪಸು ಬಂತು.

ನಡೆದದ್ದನ್ನು ಹೇಳಿದವನು ತಿಮ್ಮರಾಜು. ಗದ್ದೆಯ ಬದುವಿನ ಮೇಲೆ ಕೋಲು ಹಿಡಿದು ನಿಂತಿದ್ದ ಬಾತಿನವನು ಮಂಕರಿಯೊಳಗೆ ನೋಡಿದ ತಕ್ಷಣ ತಲೆ ಆಡಿಸಿದನಂತೆ. ಮಾತಿಗೆ ಮೊದಲು ರೆಕ್ಕೆ ಬಿಚ್ಚಿ ತೋರಿಸಿದನಂತೆ. ಮಡಿಚಿದ್ದಾಗ ಮಣ್ಣಿನ ಬಣ್ಣ, ಬಿಚ್ಚಿದರೆ ಭುಜದ ಹತ್ತಿರ ತಿಳಿ ನೀಲಿ, ಅದರ ಕೆಳಗೆ ಹಸಿರು ಪಟ್ಟಿ.

“ಅಷ್ಟು ಉದ್ದ ರೆಕ್ಕೆ ನಮ್ದಕ್ಕೆ ಇಲ್ಲ ಸಾಮಿ. ನಮ್ದು ನಡಿಯೋ ಬಾತು. ಇದು ಆರೋದು. ಬಾಳ ದೂರ ಆರೋದು,” ಎಂದನಂತೆ. ಉಂಗುರ ತೋರಿಸಿದರೆ ನಕ್ಕನಂತೆ. ಎರಡು ಸಾವಿರ ಬಾತಿಗೆ ಉಂಗುರ ತೊಡಿಸುತ್ತಾ ಕೂತರೆ ಮೇಯಿಸುವುದು ಯಾವಾಗ ಎಂದು ಕೇಳಿದನಂತೆ.

ಇವರು ಜಗಲಿಯಲ್ಲಿ ಕೂತರು. ಜೇಬಿನಲ್ಲಿದ್ದ ಉಂಗುರಕ್ಕೆ ಯಜಮಾನ ಸಿಗದೆ ಇರುವುದು ಇವರಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗಿತ್ತು.

ದ್ಯಾವಮ್ಮ ರಾಗಿ ತಂದು ಸುರಿದಳು, ಬಾತು ಮೂಸಿಯೂ ನೋಡಲಿಲ್ಲ. ಭತ್ತ ತಂದಳು, ಅದೂ ಬೇಡ. ನಾನು ಅನ್ನ ಕಲಸಿ ಇಟ್ಟೆ. ಅದನ್ನು ತುಳಿದುಕೊಂಡು ಹೋಗಿ ಮೂಲೆಯಲ್ಲಿ ಕೂತಿತು. ಸಿಟ್ಟು ಬಂದು, ಬಟ್ಟೆ ನೆನೆಸುವ ಅಗಲದ ಟಬ್ಬಿಗೆ ಕಟ್ಟೆಯ ನೀರು, ಪಾಚಿ, ಕೆಸರು ಎಲ್ಲ ತುಂಬಿಸಿ ಅದರೊಳಗೆ ಬಿಟ್ಟೆ. ಆಗ ನೋಡಬೇಕಿತ್ತು. ಆ ಸೌಟಿನ ಕೊಕ್ಕನ್ನು ನೀರಿನ ಮೇಲ್ಮೈಗೆ ಸಮನಾಗಿ ಇಟ್ಟು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಆಡಿಸುತ್ತಾ ಮುಂದೆ ಹೋಯಿತು. ಒಂದು ಕಡೆಯಿಂದ ನೀರು ಒಳಗೆ, ಇನ್ನೊಂದು ಕಡೆಯಿಂದ ಹೊರಗೆ.

ಇವರು ಎದ್ದು ಬಂದು ಟಬ್ಬಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಎಷ್ಟೋ ಹೊತ್ತು ನೋಡಿದರು.

“ಇದು ಕಾಳು ಹೆಕ್ಕೋ ಜಾತಿ ಅಲ್ಲ. ನೀರು ಸೋಸೋ ಜಾತಿ,” ಎಂದರು. “ನೋಡು, ಜಲಗಾರ ಮಾಡ್ತಿರಲಿಲ್ವಾ, ಅದೇ ಕೆಲಸ.”

ಜಲಗಾರ ಎಂದರೆ ಹಿಂದೆ ನಮ್ಮ ಮನೆಗೆ ವರ್ಷಕ್ಕೊಮ್ಮೆ ಬರುತ್ತಿದ್ದವನು. ಕುಲುಮೆಯ ಬೂದಿ, ಕಸ, ಮನೆಮುಂದಿನ ಮಣ್ಣು ಎಲ್ಲ ಬಾಚಿ, ಮರದ ಹರಿವಾಣದಲ್ಲಿ ನೀರು ಹಾಕಿ ಆಡಿಸಿ ಆಡಿಸಿ ಚಿನ್ನದ ಕಣ ಹಿಡಿಯುತ್ತಿದ್ದ. ಅವನ ಕೈ ಆಡುತ್ತಿದ್ದದ್ದೂ ಹೀಗೇ.

ಸಂಜೆ ನನ್ನ ಸೊಸೆ ಯಶಸ್ವಿನಿ ಪಾಂಡವಪುರದಿಂದ ಬಂದಳು. ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ಬಾತು ಕಂಡು ಚಪ್ಪಲಿ ಬಿಡುವುದನ್ನೂ ಮರೆತು ಹಿತ್ತಲಿಗೆ ಬಂದು ನಾಲ್ಕಾರು ಫೋಟೋ ತೆಗೆದಳು. ಮೈಸೂರಿನಲ್ಲಿ ಅವಳ ಜೊತೆ ಓದಿದ ಮೇಘನ ಎಂಬ ಹುಡುಗಿ ಈಗ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಫೋಟೋ ಅವಳಿಗೆ ಹೋಯಿತು. ಐದು ನಿಮಿಷಕ್ಕೆ ಫೋನೇ ಬಂತು. ಎಲ್ಲರಿಗೂ ಕೇಳಲಿ ಎಂದು ಯಶಸ್ವಿನಿ ಸ್ಪೀಕರಿಗೆ ಹಾಕಿ ಜಗಲಿಯ ಮೇಲೆ ಇಟ್ಟಳು. ದ್ಯಾವಮ್ಮ ಹಾಲು ಕರೆದು ಮುಗಿಸಿ ಬಂದು ಕಂಬಕ್ಕೆ ಒರಗಿ ನಿಂತಿದ್ದಳು.

“ಕೊಕ್ಕು ಫೋಟೋದಲ್ಲಿ ಸರಿಯಾಗಿ ಬಂದಿಲ್ಲ ಕಣೆ. ಹೆಣ್ಣು ಬಾತುಗಳೆಲ್ಲ ಕಂದು, ಗೊಂದಲ ಆಗುತ್ತೆ. ಏನು ತಿನ್ನುತ್ತೆ, ನೋಡಿದ್ಯಾ?” ಎಂದು ಕೇಳಿತು ಫೋನು.

ಇವರು ಬಗ್ಗಿ ಫೋನಿನ ಹತ್ತಿರ ಬಾಯಿಟ್ಟು, “ತಿನ್ನೋದಿಲ್ಲಮ್ಮ. ಸೋಸ್ತದೆ,” ಎಂದರು. ಕೊಕ್ಕು ಹೇಗೆ ಆಡುತ್ತದೆ, ನೀರು ಎಲ್ಲಿಂದ ಹೋಗಿ ಎಲ್ಲಿಂದ ಬರುತ್ತದೆ, ಎಲ್ಲ ಬಿಡಿಸಿ ಹೇಳಿದರು. ರೆಕ್ಕೆಯ ನೀಲಿಯನ್ನೂ ಹೇಳಿದರು.

“ಸರ್, ಇಷ್ಟು ಚೆನ್ನಾಗಿ ನಮ್ಮ ಜೂನಿಯರುಗಳೂ ನೋಡಲ್ಲ,” ಎಂದಳು ಮೇಘನ. “ಸಲಿಕೆ ಕೊಕ್ಕಿನ ಬಾತು ಅದು. ಇಂಗ್ಲಿಷಲ್ಲಿ ಶವಲರ್ ಅಂತಾರೆ. ನಮ್ಮ ದೇಶದ್ದಲ್ಲ. ಹಿಮಾಲಯದ ಆಚೆಯಿಂದ ಚಳಿಗಾಲ ಕಳೆಯೋಕೆ ಬರುತ್ತೆ, ಮಾರ್ಚಿಗೆ ವಾಪಸು ಹೋಗುತ್ತೆ. ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ಅರಣ್ಯ ಇಲಾಖೆಯವರಿಗೆ ನಾನು ಹೇಳ್ತೀನಿ. ಕಾಲು ವಾಸಿಯಾದ ತಕ್ಷಣ ಬಿಟ್ಟುಬಿಡಬೇಕು.”

ದ್ಯಾವಮ್ಮ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅಷ್ಟು ದೂರದಿಂದ ಬಂದದ್ದು ತನ್ನ ದನದ ಬಾನಿಯ ಹತ್ತಿರ ಕೂತಿತಲ್ಲ ಎಂಬ ಬೆರಗು ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

“ಉಂಗುರದ ನಂಬರು ಹೇಳಿ,” ಎಂದಳು ಮೇಘನ. ಇವರು ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಅಂಕಿ ಓದಿದರು. ಅವಳು ಬರೆದುಕೊಂಡಳು. ಎಲ್ಲೋ ದೂರದ ಕೆರೆಯಲ್ಲಿ ಹಕ್ಕಿ ಹಿಡಿದು ಹೀಗೆ ಉಂಗುರ ತೊಡಿಸಿ ಬಿಡುತ್ತಾರಂತೆ. ಸಾಕುವುದಕ್ಕಲ್ಲ, ಎಲ್ಲಿಗೆ ಹೋಗಿ ಎಲ್ಲಿಗೆ ಬರುತ್ತದೆ ಎಂದು ತಿಳಿಯುವುದಕ್ಕೆ. ಪ್ರತಿ ನಂಬರಿಗೂ ಒಂದು ಹಕ್ಕಿ.

“ಉಂಗುರ ಈಗಲೂ ಕಾಲಲ್ಲೇ ಇದೆ ತಾನೆ?”

ಯಶಸ್ವಿನಿ ಮಾವನ ಮುಖ ನೋಡಿದಳು. “ಇಲ್ಲ ಕಣೆ. ಕಾಲು ಊದಿತ್ತು ಅಂತ ಮಾವ ಬಿಡಿಸಿದ್ದಾರೆ.”

ಆ ಕಡೆಯಿಂದ ಮೇಘನ, “ಅಯ್ಯೋ. ಬರೀ ಉಂಗುರ ಸಿಕ್ಕಿತು ಅಂತ ತಿಳಿಸಿದ್ರೆ ಸಾಮಾನ್ಯವಾಗಿ ಹಕ್ಕಿ ಸತ್ತಿದೆ ಅಂತಲೇ ಬರ್ಕೋತಾರೆ. ನಾನು ಬದುಕಿದೆ ಅಂತ ಬರೆಸ್ತೀನಿ, ಅದು ಸರಿ. ಆದ್ರೆ ಇನ್ಮೇಲೆ ಅದು ಎಲ್ಲಿಗೆ ಹೋದ್ರೂ ಇದೇ ಆ ಬಾತು ಅಂತ ಯಾರಿಗೂ ಗೊತ್ತಾಗಲ್ಲ,” ಎಂದಳು.

ದ್ಯಾವಮ್ಮನೇ ಮಾತಾಡಿದಳು.

“ಬದ್ಕಿರೋದ್ರ ಕಾಲಿಂದ ಬುಡ್ಸುದ್ರೂ ಸತ್ತೋಗದೆ ಅಂತ ಬರ್ಕತಾರಾ?”

ಅವಳು ಕೇಳಿದ್ದು ಫೋನನ್ನು. ಬೇರೆ ಯಾರನ್ನೂ ಚುಚ್ಚಲಿಕ್ಕಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಇವರು ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ನಾನು ಹಿಂದೆಯೇ ಹೋದೆ. ಟಬ್ಬಿನ ಪಕ್ಕ ನಿಂತು, ಬಾತಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಿದ್ದರು.

“ನಾನು ಅವತ್ತು ಬರೋದಿಲ್ಲ ಅನ್ನಬೋದಾಗಿತ್ತು ಸುಬ್ಬಿ,” ಎಂದರು.

ಯಾವತ್ತು ಎಂದು ನಾನು ಕೇಳಲಿಲ್ಲ. “ನೀವು ಹೋಗದೆ ಇದ್ದಿದ್ರೆ ಅವ್ರು ಇಕ್ಕಳ ಹಾಕಿ ಕತ್ತರಿಸ್ತಿದ್ರು. ಬೆರಳೂ ಹೋಗ್ತಿತ್ತು,” ಎಂದೆ.

“ಹೌದು. ಆದ್ರೂ ಅನ್ನಬೋದಾಗಿತ್ತು.”

ನನಗೆ ಗಂಡನ ಮೇಲೆ ಅಷ್ಟು ಕನಿಕರ ಬಂದದ್ದು ನಮ್ಮ ಮದುವೆಯಾದ ಮೇಲೆ ಎರಡನೆಯ ಸಲವೋ ಮೂರನೆಯ ಸಲವೋ. ಅವತ್ತು ಇವರು ಮುದ್ದೆ ಮುರಿಯದೆ ಎದ್ದರು.

ಮರುದಿನ ಇವರೇ ಯಶಸ್ವಿನಿಗೆ ಹೇಳಿ ಮೇಘನಳಿಗೆ ಫೋನು ಮಾಡಿಸಿದರು. ಉಂಗುರ ಕತ್ತರಿಸಿಲ್ಲ, ಕೂಡಿನಿಂದ ಬಿಡಿಸಿದ್ದು, ಒಂದು ಕೂದಲಿನಷ್ಟೂ ಸೊಟ್ಟಗಾಗಿಲ್ಲ, ತಿರುಗಿ ತೊಡಿಸಬಹುದು ಎಂದರು. ಹಾಗೆಲ್ಲ ಯಾರೆಂದರೆ ಅವರು ತೊಡಿಸುವಂತಿಲ್ಲ, ತಮ್ಮ ಗೈಡನ್ನು ಕೇಳುತ್ತೇನೆ ಎಂದಳು ಅವಳು. ಉಂಗುರದ ಫೋಟೋ ಎಲ್ಲ ಕಡೆಯಿಂದಲೂ ತೆಗೆಸಿಕೊಂಡಳು. ಎರಡು ದಿನ ಉತ್ತರ ಬರಲಿಲ್ಲ. ಇವರು ಆ ಎರಡು ದಿನವೂ ಫೋನು ಹೊಡೆದಾಗಲೆಲ್ಲ ಬಾಗಿಲಿಗೆ ಬರುತ್ತಿದ್ದರು. ಶುಕ್ರವಾರ ಉತ್ತರ ಬಂತು. ಅನುಮತಿ ಸಿಕ್ಕಿದೆ, ಭಾನುವಾರ ತಾನೇ ಬರುತ್ತೇನೆ, ಕಾಲು ಪೂರ್ತಿ ವಾಸಿಯಾಗಿದ್ದರೆ ಮಾತ್ರ ತೊಡಿಸೋಣ ಎಂದಳು.

ಅಷ್ಟು ದಿನವೂ ದ್ಯಾವಮ್ಮ ಬೆಳಿಗ್ಗೆ ಸಂಜೆ ಕಟ್ಟೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದಳು. ಮೊದಲು ಹಿತ್ತಲ ಬಾಗಿಲಿಂದ ಬರುತ್ತಿದ್ದಳು, ನಾನು ಆ ಬಾಗಿಲಿಗೆ ಅಗಳಿ ಹಾಕಿಬಿಟ್ಟೆ. ಮುಂಬಾಗಿಲಿಂದ ಬರಲೇಬೇಕಾಯಿತು. ಅವಳು ನೀರು ಸುರಿಯುತ್ತಾಳೆ, ಇವರು ಕಾಲಿಗೆ ಎಣ್ಣೆ ಹಚ್ಚುತ್ತಾರೆ, ಬಾತು ಸೋಸುತ್ತದೆ. ಇಬ್ಬರ ಮಾತೂ ನನ್ನ ಮೂಲಕವೇ. ನಾಲ್ಕನೆಯ ದಿನ ನಾನು ಅಡುಗೆಮನೆಯಲ್ಲಿದ್ದಾಗ ಕೇಳಿಸಿತು.

“ಆಚಾರ್ರೇ, ಊತ ಇಳ್ದದೆ.”

“ಇಳಿದದೆ ದ್ಯಾವಮ್ಮ.”

ಅಷ್ಟೇ. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ, ಹೊರಗೆ ಹೋದರೆ ಎಲ್ಲಿ ಮಾತು ನಿಂತುಹೋಗುತ್ತದೋ ಎಂದು. ಸಾರು ತಳ ಹತ್ತಿತು.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಮೇಘನ ಬಂದಳು. ಜೀನ್ಸು ತೊಟ್ಟ ಸಣಕಲು ಹುಡುಗಿ, ಬೆನ್ನಿಗೆ ದೊಡ್ಡ ಬ್ಯಾಗು. ಬಾತಿನ ಕಾಲನ್ನು ಬಹಳ ಹೊತ್ತು ಪರೀಕ್ಷೆ ಮಾಡಿ, ತೂಕ ಮಾಡಿ, ರೆಕ್ಕೆ ಅಳೆದು ಒಂದು ಹಾಳೆಯಲ್ಲಿ ಬರೆದುಕೊಂಡಳು. ತನ್ನ ಇಕ್ಕಳ ತೆಗೆದು ಉಂಗುರ ಹಿಡಿದು ನೋಡಿ, ತಿರುಗಿ ಇವರ ಕೈಗೆ ಕೊಟ್ಟಳು.

“ನೀವೇ ಹಾಕಿ ಸರ್. ನಾನು ನೋಡ್ಕೋತೀನಿ. ತುದಿ ಎರಡೂ ಎದುರುಬದುರು ಕೂಡಬೇಕು, ಒಂದರ ಮೇಲೊಂದು ಏರಬಾರದು. ಒಳಗೆ ಸಲೀಸಾಗಿ ತಿರುಗಬೇಕು.”

ದ್ಯಾವಮ್ಮ ಬಾತನ್ನು ಮಡಿಲಲ್ಲಿ ಇಟ್ಟುಕೊಂಡು ಕಾಲು ಚಾಚಿ ಹಿಡಿದಳು. ಇವರು ಉಂಗುರವನ್ನು ಕಾಲಿಗೆ ಕೂಡಿಸಿ, ಉಸಿರು ಬಿಗಿಹಿಡಿದು, ಸ್ವಲ್ಪ ಸ್ವಲ್ಪವೇ ಅಮುಕಿದರು. ಮೇಘನ ಉಗುರಿನಿಂದ ಸುತ್ತಲೂ ತಡವಿ, ಕೂಡು ಎಲ್ಲಿದೆ ಎಂದು ಗೊತ್ತಾಗದೆ ಇನ್ನೊಂದು ಸುತ್ತು ತಡವಿದಳು.

“ಸಿಗ್ತಾ ಇಲ್ಲ ಸರ್,” ಎಂದು ನಕ್ಕಳು. ಇವರೂ ನಕ್ಕರು. ಆಮೇಲೆ ಅವಳು ಹಾಳೆಯಲ್ಲಿ ಏನೋ ಬರೆದಳು.

“ಏನು ಬರ್ಕಂಡೆ ಮಗ?” ಎಂದಳು ದ್ಯಾವಮ್ಮ.

“ಜೀವಂತ ಅಂತ ಬರೆದೆ ಅಮ್ಮ. ತಾರೀಖು, ಊರು ಎಲ್ಲಾ ಬರೆದಿದ್ದೀನಿ. ಮೊದಲಿನ ನಂಬರೇ ಇರುತ್ತೆ.”

ಎಲ್ಲರೂ ಕಟ್ಟೆಗೆ ಹೋದೆವು. ತಿಮ್ಮರಾಜುವೂ ಬಂದ. ಐದು ದಿನದಿಂದ ಅವನು ಬಾಡೂಟದ ಮಾತು ಎತ್ತಿರಲಿಲ್ಲ, ನೀರಿಲ್ಲದಾಗ ಒಂದೆರಡು ಬಿಂದಿಗೆ ತಾನೇ ತಂದು ಸುರಿದಿದ್ದ. ದ್ಯಾವಮ್ಮ ಮೆಟ್ಟಿಲು ಇಳಿದು ನೀರಿನ ಅಂಚಿಗೆ ಹೋಗಿ ಟವಲು ಬಿಚ್ಚಿದಳು. ಬಾತು ಕಲ್ಲಿನ ಮೇಲೆ ಕೂತೇ ಇತ್ತು. ಒಂದು ಕಾಲು ಎತ್ತಿ ಒದರಿತು, ಇನ್ನೊಂದು ಕಾಲು ಎತ್ತಿ ಒದರಿತು, ನೀರಿಗೆ ಜಾರಿತು. ಪಾಚಿಯ ನಡುವೆ ಕೊಕ್ಕು ಆಡಿಸುತ್ತಾ ಹತ್ತು ಮಾರು ಹೋಗಿ, ಆಮೇಲೆ ಒಂದೇ ನೆಗೆತಕ್ಕೆ ಎದ್ದಿತು. ರೆಕ್ಕೆಯ ನೀಲಿ ಆಗಷ್ಟೇ ನನಗೂ ಕಂಡಿತು. ತೆಂಗಿನ ತೋಟದ ಮೇಲೆ ಒಂದು ಸುತ್ತು ಬಂದು ಆಚೆಯ ದೊಡ್ಡ ಕೆರೆಯ ಕಡೆ ಹೋಯಿತು.

ಮೇಘನ ಮತ್ತು ಯಶಸ್ವಿನಿ ದುರ್ಬೀನು ಹಿಡಿದು ಏರಿಯ ಮೇಲೆ ಓಡಿದರು. ನಾವು ನಾಲ್ವರು ಉಳಿದೆವು. ದ್ಯಾವಮ್ಮ ಕೆಸರಾದ ಕಾಲು ತೊಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಬಲಗಾಲನ್ನು ಮುಂದೆ ಚಾಚಿದಳು. ಬೆರಳಲ್ಲಿ ಉಂಗುರ ಇದ್ದ ಜಾಗ ಇನ್ನೂ ಬೆಳ್ಳಗೆ, ಅಮುಕಿದ ಹಾಗೆ ಒಳಕ್ಕೆ ಹೋಗಿತ್ತು. ನಲವತ್ತೆರಡು ವರ್ಷದ್ದು ಹನ್ನೊಂದು ತಿಂಗಳಲ್ಲಿ ತುಂಬಿಕೊಂಡಿರಲಿಲ್ಲ.

“ಆಚಾರ್ರೇ, ನನಗೂ ಒಂದು ಜೊತೆ ಮಾಡ್ಕೊಡಿ,” ಎಂದಳು.

ಏನನ್ನು ಎಂದು ಇವರು ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

“ಅವ್ವ, ಅವು ಅರ್ಪಿತನ ಗೆಜ್ಜೆ ಆದ್ವಲ್ಲ,” ಎಂದ ತಿಮ್ಮರಾಜು, ನೆಲ ನೋಡುತ್ತಾ.

“ಅವು ಆ ಮಗೀಗೇ ಇರ್ಲಿ. ನಾನು ಕೇಳ್ತಿರೋದು ಒಸಾವು.”

“ಜನ ಒಂದು ಮಾತು ಅಂದಾರು ಕಣವ್ವ.”

“ಅಂದ್ಕಳ್ಳಿ. ನಿಮ್ಮಪ್ಪ ಸತ್ತವ್ನೆ, ನಾನು ಸತ್ತಿಲ್ಲ.”

ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಎಲ್ಲಿ ಅತ್ತುಬಿಡುತ್ತೇನೋ ಎಂದು ನಿಂತಲ್ಲೇ ಸೆರಗು ಬಿಗಿಹಿಡಿದೆ.

ಇವರು ಅವಳ ಕಾಲಿನ ಕಡೆ ಬಗ್ಗಿ ನೋಡಿದರು. “ಮಾಡ್ತೀನಿ ದ್ಯಾವಮ್ಮ. ಕೂಡು ಇಟ್ಟೇ ಮಾಡ್ತೀನಿ. ನಾಳೆ ಕಾಲು ಊದಿದ್ರೆ ಬಿಡಿಸಕ್ಕೆ ಬೇಕಾಗ್ತದೆ.”

“ಕೂಡು ಬ್ಯಾಡಿ. ಬೆಸುಗೆ ಆಕ್ಬುಡಿ.”

“ಊದಿದ್ರೆ?”

“ಊದ್ಲಿ.”

ಇವರು ಅಳತೆಗೆ ಜೇಬಿನಲ್ಲಿ ದಾರ ಹುಡುಕಿದರು, ಇರಲಿಲ್ಲ. ನಾನು ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ಕೊಟ್ಟೆ. ಇವರು ಅವಳ ಕಾಲ ಬುಡದಲ್ಲಿ ಕೂತು ಎಳೆಯನ್ನು ಬೆರಳಿಗೆ ಸುತ್ತಿದರು. ದ್ಯಾವಮ್ಮ ಇವರ ಮುಖವನ್ನೇ ನೋಡುತ್ತಿದ್ದಳು. ತಿಮ್ಮರಾಜು ಸ್ವಲ್ಪ ಹೊತ್ತು ಕೆರೆಯ ಕಡೆ ತಿರುಗಿ ನಿಂತಿದ್ದವನು ಹತ್ತಿರ ಬಂದು, ಒದ್ದೆ ಮೆಟ್ಟಿಲ ಮೇಲೆ ಕೂತು, ಅವ್ವನ ಎಡಗಾಲನ್ನೂ ತೊಡೆಯ ಮೇಲೆ ಎತ್ತಿಟ್ಟುಕೊಂಡ.

“ಎರಡು ಕಾಲ್ದೂ ತಗಳಿ ಆಚಾರ್ರೇ,” ಎಂದ. “ಒಂದೇ ಅಳತೆ ಇರಕಿಲ್ಲ.”